ಹೊಸ ಚಾಲಕರಿಗೆ ಕೆಲವು ಮಾತುಗಳು

ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿಗೆ ಈಗ ಹೆಸರು ಮಾತ್ರ ಹಳೆಯದು. ಅಲ್ಲಿ ಸೈಕಲ್ಲನ್ನು ಹುಡುಕಿ ನೋಡಬೇಕು. ಸಾಲುಸಾಲಾಗಿ ನಿಂತಿರುವುವು ಸ್ಕೂಟರುಗಳು, ಮೋಟಾರು ಸೈಕಲುಗಳು. ಹೆಚ್ಚಿನವುಗಳ ಹಣೆಯ ಮೇಲೆ ನಮ್ಮ ಊರಿನ ಕೆ.ಎ. 08 ಎಂಬ ಅಂಕಿತ. ಇವುಗಳನ್ನು ತಂದು ನಿಲ್ಲಿಸಿದ ನಮ್ಮ ಮಿತ್ರರಲ್ಲಿ ಎಷ್ಟು ಮಂದಿ ಚಾಲನೆಯನ್ನು ಯಾರಿಂದಲಾದರೂ ಕ್ರಮವಾಗಿ ಕಲಿತಿದ್ದಾರೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಬರಲಾರದು. ಅಣ್ಣನ ಗಾಡಿಯನ್ನು ಮೈದಾನದಲ್ಲಿ ನಾಲ್ಕು ಸುತ್ತು ಸುತ್ತಿಸಿದ್ದೇ ವಿದ್ಯಾಭ್ಯಾಸ, ಬೀಳದೆ ಮನೆಗೆ ಮರಳಿದ್ದೇ ಪದವಿ! ನನ್ನ ವಿದ್ಯಾಭ್ಯಾಸವೂ ಹೀಗೆಯೇ ಆಗಿತ್ತು. ಆದುದರಿಂದ ಈ ಲೇಖನವನ್ನು ಬಲ್ಲವನ ಉಪದೇಶವೆಂದು ಯಾರೂ ತಿಳಿಯಬಾರದು. ತಪ್ಪು ಮಾಡಿ ಪಾಠ ಕಲಿತ ಒಬ್ಬ ಸಹಪಾಠಿಯ ಮಾತುಗಳೆಂದು ಓದಿದರೆ ಸಾಕು.

ಹೋದ ವರ್ಷದ ಮಾತು. ಬೆಂಗಳೂರಿನಲ್ಲಿ ಒಂದು ಪರೀಕ್ಷೆ ಬರೆಯಲು ನಾನು ಬೆಳಗಿನ ರೈಲು ಹಿಡಿಯಬೇಕಾಗಿತ್ತು. ನಮ್ಮೂರಿನಿಂದ ನಿತ್ಯವೂ ಕತ್ತಲಿರುವಾಗಲೇ ಎದ್ದು ರೈಲಿಗೆ ಓಡುವ ಸಾವಿರಾರು ಜನರ ಅವಸರ ನಿಮಗೆಲ್ಲ ಗೊತ್ತಿರುವುದೇ. ಏಳುವುದು ತಡವಾಯಿತು. ಚಿಕ್ಕಪ್ಪನ ಸ್ಕೂಟರನ್ನು ತೆಗೆದುಕೊಂಡೆ. ಗಾಡಿಯನ್ನು ಹಿಂದಕ್ಕೆ ತರಲೆಂದು ಅವರ ಮಗನನ್ನು ಹಿಂದೆ ಕೂರಿಸಿಕೊಂಡೆ. ನನ್ನಲ್ಲಿ ಲೈಸೆನ್ಸು ಇರಲಿಲ್ಲ. ಅವನಿಗೆ ಹದಿನಾರು ವರ್ಷ. ಒಂದು ತಿರುವಿನಲ್ಲಿ ಮರಳು ಚೆಲ್ಲಿತ್ತು. ವೇಗವಾಗಿ ಬಂದವನು ತಿರುಗುತ್ತಿರುವಾಗಲೇ ಮುಂದಿನ ಬ್ರೇಕನ್ನು ಬಲವಾಗಿ ಅದುಮಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇಬ್ಬರೂ ನೆಲದ ಮೇಲಿದ್ದೆವು. ನನಗೆ ತರಚು ಗಾಯಗಳಾದುವು. ತಮ್ಮನ ಕಾಲಿನ ಮೂಳೆ ಮುರಿಯಿತು. ನನ್ನ ರೈಲು ತಪ್ಪಿದ್ದು ದೊಡ್ಡದಲ್ಲ, ಅವನ ಪಿ.ಯು.ಸಿ. ಪರೀಕ್ಷೆ ಆ ವರ್ಷ ತಪ್ಪಿತು.

ಮನೆಯಲ್ಲಿ ಎಲ್ಲರೂ ಬೈದರು, ತಾತ ಒಬ್ಬರು ಬೈಯಲಿಲ್ಲ. ನಮ್ಮ ತಾತ ಚಿನ್ನದ ಗಣಿಯಲ್ಲಿ ವೈಂಡಿಂಗ್ ಇಂಜಿನ್ ಡ್ರೈವರಾಗಿದ್ದವರು; 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ ಕೆಲಸದಲ್ಲಿದ್ದವರು. ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಇಳಿದಿದ್ದ ಗಣಿಗಳು ನಮ್ಮವು. ಆ ಆಳಕ್ಕೆ ಜನರನ್ನು ಇಳಿಸುವ, ಮೇಲಕ್ಕೆತ್ತುವ ಪಂಜರವನ್ನು ಉಕ್ಕಿನ ಹಗ್ಗದ ಮೂಲಕ ನಡೆಸುತ್ತಿದ್ದವರು ಈ ಡ್ರೈವರುಗಳು. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಕೈಗೆ ಇಂಜಿನ್ನಿನ ಹಿಡಿ ಕೊಡೋಕೆ ಮೊದಲು ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಟ್ಟರು. ಹಗ್ಗದ ತುದೀಲಿ ಜನ ಇದ್ದರು ನೋಡು. ನಿನ್ನ ಹಿಂದೇನೂ ಒಂದು ಜೀವ ಕೂತಿತ್ತಲ್ಲಪ್ಪಾ, ನಿನಗೆ ಯಾರು ಕೊಟ್ಟಿದ್ದರು?" ಎಂದರು. ನಾನು ಉತ್ತರ ಹೇಳಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಂತೆ ತಿಳಿದ ವಿಷಯಗಳನ್ನೇ ಇಲ್ಲಿ ಬರೆದಿದ್ದೇನೆ.

ಶಾಸನ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ವಾಹನ ಸಂಚಾರವನ್ನು ನಿಯಂತ್ರಿಸುವುದು 1988ರ ಮೋಟಾರು ವಾಹನಗಳ ಕಾಯಿದೆ. ಇದು 1939ರ ಹಳೆಯ ಕಾಯಿದೆಯ ಸ್ಥಾನದಲ್ಲಿ 1989ರ ಜುಲೈ 1ರಿಂದ ಜಾರಿಗೆ ಬಂದಿತು. 2019ರಲ್ಲಿ ಇದಕ್ಕೆ ದೊಡ್ಡ ತಿದ್ದುಪಡಿಯಾಗಿ ದಂಡಗಳು ಬಹಳವಾಗಿ ಏರಿದುವು. ಈ ಕಾಯಿದೆಯಂತೆ ಮೋಟಾರು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಲು ಹದಿನೆಂಟು ವರ್ಷ ತುಂಬಿರಬೇಕು. ಇಂಜಿನ್ನು 50 ಸಿ.ಸಿ.ಯನ್ನು ಮೀರದ ಮೋಟಾರು ಸೈಕಲ್ಲಿಗೆ ಮಾತ್ರ ಹದಿನಾರು ವರ್ಷವೆಂದು ರಿಯಾಯಿತಿ ಇದೆ. ಇಲ್ಲಿಯೇ ಅನೇಕರು ಎಡವುವುದು. "ಗೇರಿಲ್ಲದ ಗಾಡಿ ತಾನೇ, ಹದಿನಾರಾದರೆ ಸಾಕು" ಎಂಬ ಮಾತು ನಮ್ಮ ಬೀದಿಗಳಲ್ಲಿ ಪ್ರಚಾರದಲ್ಲಿದೆ. ಆದರೆ ನಾವು ಇಂದು ನೋಡುವ ಪೆಟ್ರೋಲ್ ಸ್ಕೂಟರುಗಳು ಬಹುಮಟ್ಟಿಗೆ ನೂರು ಸಿ.ಸಿ.ಗೂ ಮೇಲಿನವು. ಗೇರು ಇಲ್ಲದಿದ್ದರೂ ಅವುಗಳಿಗೆ ಹದಿನೆಂಟೇ ಆಗಬೇಕು.

ಅಪ್ರಾಪ್ತ ವಯಸ್ಕನು ವಾಹನ ಓಡಿಸಿ ಅಪರಾಧವಾದರೆ ಅದು ಅವನಲ್ಲಿಗೇ ನಿಲ್ಲುವುದಿಲ್ಲ. 2019ರ ತಿದ್ದುಪಡಿಯಂತೆ ಅವನ ಪೋಷಕರನ್ನು ಅಥವಾ ವಾಹನದ ಒಡೆಯರನ್ನು ಅಪರಾಧಿಗಳೆಂದು ಭಾವಿಸಿ ಮೂರು ವರ್ಷಗಳವರೆಗೆ ಸೆರೆವಾಸವನ್ನೂ 25,000 ರೂಪಾಯಿ ದಂಡವನ್ನೂ ವಿಧಿಸಬಹುದು. ತಮಗೆ ತಿಳಿಯದೆ ನಡೆಯಿತೆಂದು ಅಥವಾ ತಡೆಯಲು ಪ್ರಯತ್ನಿಸಿದೆವೆಂದು ತೋರಿಸಿಕೊಡುವ ಹೊಣೆ ಅವರದೇ. ವಾಹನದ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಆ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸು ದೊರೆಯುವುದಿಲ್ಲ. ಹೋದ ವರ್ಷ ಆ ಗಾಡಿಯನ್ನು ನನ್ನ ತಮ್ಮ ಹಿಂದಕ್ಕೆ ತರುವಂತಾಗಿದ್ದರೆ ನಮ್ಮ ಚಿಕ್ಕಪ್ಪನವರು ಏನನ್ನು ಎದುರಿಸಬೇಕಾಗುತ್ತಿತ್ತೆಂಬುದು ಇದನ್ನು ಓದಿದ ಮೇಲೆ ನನಗೆ ಅರಿವಾಯಿತು.

ಕ್ರಮವಾಗಿ ಕಲಿಯುವವರು ಮೊದಲು ಕಲಿಕಾ ಲೈಸೆನ್ಸು, ಅಂದರೆ ಎಲ್.ಎಲ್. ಪಡೆಯಬೇಕು. ರಸ್ತೆಯ ಚಿಹ್ನೆಗಳು, ನಿಯಮಗಳು, ಚಾಲಕನ ಕರ್ತವ್ಯಗಳು ಇವುಗಳ ಮೇಲೆ ಪ್ರಶ್ನೆಗಳಿರುತ್ತವೆ. ಎಲ್.ಎಲ್. ಆರು ತಿಂಗಳು ನಡೆಯುತ್ತದೆ. ಅದನ್ನು ಪಡೆದು ಮೂವತ್ತು ದಿನಗಳಾದ ಮೇಲೆ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ಈ ಮೂವತ್ತು ದಿನಗಳನ್ನು ನಾವು ಕಾಯುವ ದಿನಗಳೆಂದು ಭಾವಿಸುತ್ತೇವೆ. ಅವು ಅಭ್ಯಾಸದ ದಿನಗಳು. ಈ ಅವಧಿಯಲ್ಲಿ ವಾಹನದ ಮುಂದೆಯೂ ಹಿಂದೆಯೂ ಬಿಳಿಯ ಮೇಲೆ ಕೆಂಪು ಬಣ್ಣದ 'ಎಲ್' ಅಕ್ಷರವಿರಬೇಕು. ಕಾರು ಕಲಿಯುವವನ ಪಕ್ಕದಲ್ಲಿ ಲೈಸೆನ್ಸುಳ್ಳ ಶಿಕ್ಷಕನಿರಬೇಕು, ಅಗತ್ಯ ಬಿದ್ದಾಗ ವಾಹನವನ್ನು ನಿಲ್ಲಿಸಲು ಅವನಿಗೆ ಸಾಧ್ಯವಾಗುವಂತೆ ಕುಳಿತಿರಬೇಕು. ಮೋಟಾರು ಸೈಕಲ್ ಕಲಿಯುವವನು ಕಲಿಸುವವನ ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳತಕ್ಕದ್ದಲ್ಲ. 'ಎಲ್' ಅಕ್ಷರವನ್ನು ಹಚ್ಚಿಕೊಳ್ಳಲು ನಮ್ಮಲ್ಲಿ ಕೆಲವರಿಗೆ ನಾಚಿಕೆ. ಅದು ಇತರ ಚಾಲಕರಿಗೆ "ನಾನು ಹೊಸಬ, ಸ್ವಲ್ಪ ದೂರವಿರಿ" ಎಂದು ಮಾಡಿಕೊಳ್ಳುವ ವಿನಂತಿ. ವಿನಂತಿಯಲ್ಲಿ ನಾಚಿಕೆ ಪಡುವಂಥದೇನೂ ಇಲ್ಲ.

ಲೈಸೆನ್ಸಿನ ಜೊತೆಗೆ ನೋಂದಣಿ ಪತ್ರ, ಹೊಗೆ ತಪಾಸಣೆಯ ಪತ್ರ, ವಿಮೆ ಇವುಗಳೂ ಇರಬೇಕು. ಇವುಗಳಲ್ಲಿ ಮೂರನೆಯವರ ಹಾನಿಯ ವಿಮೆ ಶಾಸನದಂತೆ ಕಡ್ಡಾಯ. ನಾವು ಒಬ್ಬ ದಾರಿಹೋಕನನ್ನು ಗಾಯಗೊಳಿಸಿದರೆ ಅವನಿಗೆ ಪರಿಹಾರ ದೊರೆಯಲೆಂದೇ ಈ ಏರ್ಪಾಡು. ಲೈಸೆನ್ಸಿಲ್ಲದವನ ಕೈಗೆ ಗಾಡಿ ಕೊಟ್ಟ ಒಡೆಯನಿಂದ ವಿಮಾ ಸಂಸ್ಥೆಯವರು ಆ ಹಣವನ್ನು ವಸೂಲು ಮಾಡಲು ಹೊರಡುವ ಸಂಭವವೂ ಉಂಟು. ಮನೆ ಮಠ ಮಾರಿ ಪರಿಹಾರ ತೆರಬೇಕಾಗಿ ಬರುವುದು ಇಂಥ ಸಂದರ್ಭಗಳಲ್ಲಿಯೇ.

ವೇಗದ ಲೆಕ್ಕಾಚಾರ

ಶಾಸನಕ್ಕೆ ಹೆದರಿ ನಡೆಯುವುದು ಒಂದು ಬಗೆ. ಕಾರಣ ತಿಳಿದು ನಡೆಯುವುದು ಇನ್ನೊಂದು ಬಗೆ. ಕಾರಣ ತಿಳಿಯಲು ಹೈಸ್ಕೂಲಿನ ಭೌತವಿಜ್ಞಾನವೇ ಸಾಕು.

ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 11 ಮೀಟರು. ಎದುರಿಗೆ ಮಗುವೊಂದು ಅಡ್ಡ ಬಂದಿತೆನ್ನಿ. ಕಣ್ಣು ಕಂಡದ್ದನ್ನು ಮನಸ್ಸು ಗ್ರಹಿಸಿ, ಕೈ ಬ್ರೇಕನ್ನು ಹಿಡಿಯುವ ಹೊತ್ತಿಗೆ ಎಚ್ಚರವಾಗಿರುವವನಿಗೂ ಸುಮಾರು ಒಂದು ಸೆಕೆಂಡು ಬೇಕು. ಆ ಒಂದು ಸೆಕೆಂಡಿನಲ್ಲಿ ವಾಹನ ವೇಗ ಕಡಮೆಯಾಗದೆಯೇ 11 ಮೀಟರು ಮುಂದೆ ಹೋಗಿರುತ್ತದೆ. ಆಮೇಲೆ ಬ್ರೇಕಿನ ಕೆಲಸ ಆರಂಭ. ಒಣಗಿದ ಒಳ್ಳೆಯ ಡಾಂಬರು ರಸ್ತೆಯಲ್ಲಿ, ಒಳ್ಳೆಯ ಟೈರುಗಳಿದ್ದು, ವೇಗವು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 7 ಮೀಟರಿನಂತೆ ಕುಗ್ಗುವುದೆಂದು ಇಟ್ಟುಕೊಂಡರೆ, ನಿಲ್ಲಲು ಇನ್ನೂ 9 ಮೀಟರು ಬೇಕು. ಒಟ್ಟು 20 ಮೀಟರು. ಇದೇ ಲೆಕ್ಕದಂತೆ 60 ಕಿಲೋಮೀಟರ್ ವೇಗದಲ್ಲಿ ಸುಮಾರು 37 ಮೀಟರು, 80ರಲ್ಲಿ ಸುಮಾರು 57 ಮೀಟರು ಬೇಕಾಗುತ್ತವೆ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಹೋಗುವ ದೂರ ನಾಲ್ಕು ಮಡಿಯಾಗುತ್ತದೆ. ಏಕೆಂದರೆ ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸುತ್ತದೆ. ರಸ್ತೆ ನೆನೆದು ಹಿಡಿತ ಅರ್ಧವಾದರೆ ಈ ದೂರ ಮತ್ತೆ ಇಮ್ಮಡಿ.

ಈಗ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಆ ಮಗು 20 ಮೀಟರು ದೂರದಲ್ಲಿ ಅಡ್ಡ ಬಂದಿತು. ನಲವತ್ತರಲ್ಲಿ ಬಂದವನು ಮಗುವಿನ ಮುಂದೆ ಹೇಗೋ ನಿಲ್ಲಿಸಿಕೊಂಡನು. ಅರುವತ್ತರಲ್ಲಿ ಬಂದವನ ವೇಗ ಅದೇ ಸ್ಥಳದಲ್ಲಿ ಎಷ್ಟಿರುತ್ತದೆ? ಇಪ್ಪತ್ತಿರಬಹುದೆಂದು ನಾನು ಊಹಿಸಿದ್ದೆ. ಲೆಕ್ಕ ಮಾಡಿ ನೋಡಿದರೆ ಬೆಚ್ಚಿಬೀಳಬೇಕಾಯಿತು. ಅವನು ಯೋಚಿಸುವ ಆ ಒಂದು ಸೆಕೆಂಡಿನಲ್ಲೇ ಸುಮಾರು 17 ಮೀಟರು ಕಳೆದುಹೋಗಿರುತ್ತವೆ. ಬ್ರೇಕಿಗೆ ಉಳಿದದ್ದು ಮೂರು ಮೀಟರು ಚಿಲ್ಲರೆ. ಆ ಮಗುವನ್ನು ಮುಟ್ಟುವಾಗ ಅವನ ವೇಗ ಗಂಟೆಗೆ ಸುಮಾರು 55 ಕಿಲೋಮೀಟರು! ಇಪ್ಪತ್ತು ಕಿಲೋಮೀಟರಿನ ವ್ಯತ್ಯಾಸ ಒಂದು ಜೀವದ ವ್ಯತ್ಯಾಸವಾಗುವುದು ಹೀಗೆ.

ಇಷ್ಟಕ್ಕೂ ವೇಗದಿಂದ ಉಳಿಯುವುದೆಷ್ಟು? ಹನ್ನೆರಡು ಕಿಲೋಮೀಟರು ದೂರ ಹೋಗಬೇಕೆಂದುಕೊಳ್ಳೋಣ. ನಲವತ್ತರ ವೇಗದಲ್ಲಿ 18 ನಿಮಿಷ, ಅರುವತ್ತರಲ್ಲಿ 12 ನಿಮಿಷ. ಉಳಿತಾಯ ಆರು ನಿಮಿಷ; ನಡುವೆ ಸಂತೆ, ತಿರುವು, ಹಂಪುಗಳಿರುವುದರಿಂದ ಅಷ್ಟೂ ಉಳಿಯುವುದಿಲ್ಲ. ಆರು ನಿಮಿಷ ಬೇಗ ಎದ್ದಿದ್ದರೆ ನನ್ನ ತಮ್ಮನ ಕಾಲು ಉಳಿಯುತ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟವೆಂದು ಹಿರಿಯರು ಹೇಳಿದ್ದು ಸುಳ್ಳಲ್ಲ.

ಇದೇ ಲೆಕ್ಕದಿಂದ ಇನ್ನೊಂದು ನಿಯಮ ಹೊರಡುತ್ತದೆ. ಮುಂದಿನ ವಾಹನಕ್ಕೂ ನಮಗೂ ಕನಿಷ್ಠ ಎರಡು ಸೆಕೆಂಡುಗಳ ಅಂತರವಿರಬೇಕು. ಮುಂದಿನ ವಾಹನ ಒಂದು ಕಂಬವನ್ನು ದಾಟಿದೊಡನೆ "ಒಂದು ಸಾವಿರದ ಒಂದು, ಒಂದು ಸಾವಿರದ ಎರಡು" ಎಂದು ಎಣಿಸಿರಿ. ಎಣಿಕೆ ಮುಗಿಯುವ ಮೊದಲೇ ನೀವು ಕಂಬವನ್ನು ತಲಪಿದರೆ ಅಂತರ ಸಾಲದು. ಮಳೆಯಲ್ಲಿಯೂ ಮಂಜಿನಲ್ಲಿಯೂ ಇದನ್ನು ನಾಲ್ಕು ಸೆಕೆಂಡಿಗೆ ಏರಿಸಬೇಕು. ಕೈಯಲ್ಲಿನ ಫೋನನ್ನು ಮೂರು ಸೆಕೆಂಡು ನೋಡಿದವನು ನಲವತ್ತರ ವೇಗದಲ್ಲಿ 33 ಮೀಟರು ದೂರ ಕಣ್ಣು ಮುಚ್ಚಿ ಹೋದಂತೆಯೇ ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಬ್ರೇಕು ಮತ್ತು ತಿರುವು

ಬ್ರೇಕು ಹಿಡಿದಾಗ ಗಾಡಿಯ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಆದ್ದರಿಂದ ಗಾಡಿಯನ್ನು ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದಿನ ಬ್ರೇಕಿನಲ್ಲಿಯೇ ಇದೆ. ಅದಕ್ಕೆ ಹೆದರಿ ಹಿಂದಿನದನ್ನೇ ಹಿಡಿಯುವವನ ಗಾಡಿ ಬೇಗ ನಿಲ್ಲದು. ಹಾಗೆಂದು ಮುಂದಿನದನ್ನು ಒಮ್ಮೆಲೆ ಕಚ್ಚಿ ಹಿಡಿದರೆ ಚಕ್ರ ಸಿಕ್ಕಿಕೊಂಡು ಜಾರುತ್ತದೆ. ಎರಡನ್ನೂ ಒಟ್ಟಿಗೆ, ಮೊದಲು ಮೆತ್ತಗೆ, ಬಳಿಕ ಬಲವಾಗಿ, ಗಾಡಿ ನೆಟ್ಟಗಿರುವಾಗ ಹಿಡಿಯಬೇಕು. ತಿರುವಿನಲ್ಲಿ ಗಾಡಿ ಒಂದು ಪಕ್ಕಕ್ಕೆ ವಾಲಿರುತ್ತದೆ. ಟೈರಿನ ಹಿಡಿತವೆಲ್ಲ ತಿರುಗಿಸುವುದಕ್ಕೇ ವೆಚ್ಚವಾಗಿರುತ್ತದೆ, ಬ್ರೇಕಿಗೆ ಉಳಿದಿರುವುದಿಲ್ಲ. ಆದಕಾರಣ ವೇಗವನ್ನು ತಿರುವಿಗೆ ಮೊದಲೇ ತಗ್ಗಿಸಿ, ತಿರುವಿನೊಳಗೆ ಸಮವೇಗದಿಂದ ಹೋಗತಕ್ಕದ್ದು. ನಾನು ಬಿದ್ದದ್ದು ಮರಳಿನಿಂದ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ನಿಜವಾಗಿ ಬಿದ್ದದ್ದು ಈ ನಿಯಮ ತಿಳಿಯದೆ.

ಗಾಡಿ ಹೊರಡಿಸುವ ಮುನ್ನ ಟೈರಿನ ಗಾಳಿ, ಎರಡು ಬ್ರೇಕುಗಳು, ಮುಂದಿನ ಹಿಂದಿನ ದೀಪಗಳು, ಇಂಡಿಕೇಟರು, ಹಾರನ್ನು, ಕನ್ನಡಿಗಳು ಇವುಗಳನ್ನು ಒಮ್ಮೆ ನೋಡಲು ಒಂದು ನಿಮಿಷ ಸಾಕು. ಅಂದಕ್ಕೆಂದು ಕನ್ನಡಿಗಳನ್ನು ಕಿತ್ತಿಡುವ ಮಿತ್ರರಿದ್ದಾರೆ. ಹಿಂದಿನಿಂದ ಬರುತ್ತಿರುವುದು ಲಾರಿಯೋ ಸೈಕಲ್ಲೋ ತಿಳಿಯದೆ ಬಲಕ್ಕೆ ತಿರುಗುವುದರಲ್ಲಿ ಅಂದವೇನಿದೆಯೋ ನಾನರಿಯೆ.

ರಸ್ತೆಯ ಭಾಷೆ

ನಮ್ಮೂರು ಕನ್ನಡ, ತಮಿಳು, ತೆಲುಗು, ಉರ್ದು, ಇಂಗ್ಲಿಷುಗಳೆಲ್ಲ ಕೇಳಿಬರುವ ಊರು. ರಸ್ತೆಗೂ ಒಂದು ಭಾಷೆಯುಂಟು. ಅದನ್ನು ಅಕ್ಷರ ಬಾರದವನೂ ಓದಬಹುದು. ವೃತ್ತಾಕಾರದ ಫಲಕ ಆಜ್ಞೆ. ಅದನ್ನು ಮೀರಿದರೆ ಅಪರಾಧ. ತ್ರಿಕೋನದ ಫಲಕ ಎಚ್ಚರಿಕೆ. ಮುಂದೆ ತಿರುವು, ಶಾಲೆ, ಹಂಪು, ರೈಲ್ವೆ ಗೇಟು ಇದೆಯೆಂದು ತಿಳಿಸುತ್ತದೆ. ಚೌಕನೆಯ ನೀಲಿ ಫಲಕ ಮಾಹಿತಿ. ಆಸ್ಪತ್ರೆ, ಪೆಟ್ರೋಲ್ ಬಂಕು ಇತ್ಯಾದಿ. ಎಂಟು ಮೂಲೆಯ ಕೆಂಪು ಫಲಕ 'ನಿಲ್ಲು' ಎಂದರೆ, ತಲೆಕೆಳಗಾದ ತ್ರಿಕೋನ 'ದಾರಿ ಬಿಡು' ಎನ್ನುತ್ತದೆ. ಮಣ್ಣು ಮೆತ್ತಿಕೊಂಡಿದ್ದರೂ ಆಕಾರದಿಂದಲೇ ಗುರುತಿಸಲೆಂದು ಈ ಎರಡಕ್ಕೂ ಬೇರೆಯೇ ರೂಪ ಕೊಟ್ಟಿದ್ದಾರೆ.

ನಡೆಯುವ ಕ್ರಮವನ್ನು 2017ರ ಮೋಟಾರು ವಾಹನ ಚಾಲನಾ ನಿಬಂಧನೆಗಳು ಗೊತ್ತುಮಾಡಿವೆ. ಎಡಕ್ಕೆ ಹೋಗುವುದು, ಮುಂದಿನವರನ್ನು ಬಲಗಡೆಯಿಂದ ದಾಟುವುದು, ಸಿಗ್ನಲ್ಲೂ ಪೋಲೀಸರೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡುವುದು, ಏರಿನ ದಾರಿ ಕಿರಿದಾಗಿದ್ದರೆ ಏರಿ ಬರುವವನಿಗೆ ಮೊದಲ ಅವಕಾಶ ಕೊಡುವುದು, ಜೀಬ್ರಾ ಪಟ್ಟೆಯ ಮೇಲೆ ಕಾಲಿಟ್ಟವನಿಗೆ ನಿಲ್ಲುವುದು ಇವು ಮುಖ್ಯವಾದುವು. ರಾಬರ್ಟ್‌ಸನ್‌ಪೇಟೆಯ ಬೀದಿಗಳು ಗೆರೆ ಎಳೆದಂತೆ ನೆಟ್ಟಗಿದ್ದು ಒಂದನ್ನೊಂದು ಅಡ್ಡ ಹಾಯುತ್ತವೆ. ಹೀಗಾಗಿ ಹೆಜ್ಜೆಗೊಂದು ಕೂಡುರಸ್ತೆ. ಅಲ್ಲೆಲ್ಲ ಈ 'ಬಲಗಡೆಯವನಿಗೆ ದಾರಿ' ಎಂಬ ನಿಯಮವೊಂದನ್ನು ನಾವೆಲ್ಲ ಪಾಲಿಸಿದರೂ ಅರ್ಧದಷ್ಟು ಜಗಳ ನಿಲ್ಲುತ್ತದೆ.

ಲಾರಿಯ ಎಡಮಗ್ಗುಲಲ್ಲಿ ನುಸುಳುವುದು ಹೊಸಬರು ಮಾಡುವ ದೊಡ್ಡ ತಪ್ಪು. ಎತ್ತರದಲ್ಲಿ ಕುಳಿತ ಚಾಲಕನಿಗೆ ತನ್ನ ಎಡಪಕ್ಕದ ನೆಲ ಬಹುಭಾಗ ಕಾಣುವುದಿಲ್ಲ. ಒಂದು ಸುಲಭ ಸೂತ್ರವಿದೆ: ಅವನ ಕನ್ನಡಿಯಲ್ಲಿ ಅವನ ಮುಖ ನಿಮಗೆ ಕಾಣದಿದ್ದರೆ ಅವನಿಗೆ ನೀವೂ ಕಾಣುವುದಿಲ್ಲ.

ನಮ್ಮ ಸೀಮೆಯ ವಿಶೇಷ ಅಪಾಯಗಳು

ಪುಸ್ತಕದಲ್ಲಿ ಸಿಗದ ಕೆಲವು ಸಂಗತಿಗಳು ಪ್ರತಿಯೊಂದು ಸೀಮೆಗೂ ಇರುತ್ತವೆ. ನಮ್ಮ ಗಣಿಗಳ ಸಯನೈಡ್ ದಿಬ್ಬಗಳಿಂದ ಬೇಸಗೆಯ ಗಾಳಿಗೆ ಏಳುವ ನುಣ್ಣನೆಯ ಧೂಳು ಕಣ್ಣಿಗೆ ಬಿದ್ದರೆ ಕ್ಷಣಕಾಲ ಏನೂ ಕಾಣುವುದಿಲ್ಲ. ಹೆಲ್ಮೆಟ್ಟಿನ ಮುಂಗನ್ನಡಿಯನ್ನು ಇಳಿಸಿಕೊಂಡೇ ಓಡಿಸಬೇಕು. ಸುಗ್ಗಿಯ ಕಾಲದಲ್ಲಿ ಹಳ್ಳಿಯ ರಸ್ತೆಗಳ ಮೇಲೆ ರಾಗಿ, ಹುರುಳಿಗಳನ್ನು ಹರಡಿ ಒಕ್ಕಣೆ ಮಾಡುವುದನ್ನು ಬಂಗಾರಪೇಟೆ, ಬೇತಮಂಗಲದ ಕಡೆಯ ಮಿತ್ರರೆಲ್ಲ ಬಲ್ಲರು. ಹುಲ್ಲಿನ ಮೇಲೆ ಎರಡು ಚಕ್ರದ ಗಾಡಿಗೆ ಹಿಡಿತವಿರುವುದಿಲ್ಲ. ಅಲ್ಲಿ ಬ್ರೇಕನ್ನು ಹಿಡಿಯದೆ, ಹ್ಯಾಂಡಲನ್ನು ತಿರುಗಿಸದೆ, ಮೊದಲೇ ವೇಗ ತಗ್ಗಿಸಿ ನಿಧಾನವಾಗಿ ದಾಟಬೇಕು. ಚಳಿಗಾಲದ ಮುಂಜಾನೆ ಮಂಜು ಕವಿದಿರುವಾಗ ದೊಡ್ಡ ಬೆಳಕು ಹಾಕಿದರೆ ಮಂಜಿಗೇ ಬೆಳಕು ಬಡಿದು ಕಣ್ಣು ಕುಕ್ಕುತ್ತದೆ. ತಗ್ಗಿಸಿದ ಬೆಳಕೇ ಮೇಲು. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರು ಟ್ರೈಲರು ಕತ್ತಲಲ್ಲಿ ಕೆಟ್ಟು ನಿಂತಿರುವುದೂ ಅಪರೂಪವಲ್ಲ. ನಮ್ಮ ದೀಪದ ಬೆಳಕು ಬೀಳುವಷ್ಟು ದೂರದೊಳಗೆ ನಿಲ್ಲಿಸಲಾಗದ ವೇಗ ರಾತ್ರಿಯಲ್ಲಿ ಎಂದೂ ಸಲ್ಲದು.

ರೈಲು ನಮ್ಮ ಜೀವನದ ಭಾಗ. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಶಾಖಾಮಾರ್ಗ 1894ರಿಂದಲೂ ಇದೆ. ಮುಚ್ಚಿದ ಗೇಟಿನ ಕೆಳಗೆ ಗಾಡಿಯನ್ನು ಓರೆಮಾಡಿ ತೂರಿಸುವ ಸಾಹಸ ಬೇಡ. ರೈಲಿನ ಚಾಲಕನು ನಿಮ್ಮನ್ನು ಕಂಡ ಮೇಲೆ ನಿಲ್ಲಿಸಲಾರನು. ಅವನ ನಿಲುಗಡೆಯ ದೂರ ನೂರಾರು ಮೀಟರು. ಕಾವಲಿಲ್ಲದ ಗೇಟಿನ ಬಳಿ ವಾಹನವನ್ನು ನಿಲ್ಲಿಸಿ, ಒಬ್ಬರು ಇಳಿದು ಹೋಗಿ ಎರಡೂ ಕಡೆ ನೋಡಿ ಬಂದ ಮೇಲೆಯೇ ದಾಟಬೇಕೆಂದು ಕಾಯಿದೆ ವಿಧಿಸಿದೆ.

2024ರ ಕೊನೆಯಲ್ಲಿ ಹೊಸಕೋಟೆಯಿಂದ ನಮ್ಮ ಬೇತಮಂಗಲದ ಕಡೆಗೆ ಬರುವ ಬೆಂಗಳೂರು ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಭಾಗ ಸಂಚಾರಕ್ಕೆ ತೆರೆಯಿತು. ಇದು ಕಾರು, ಬಸ್ಸು, ಲಾರಿಗಳ ದಾರಿ. ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೆ ಅಲ್ಲಿ ಪ್ರವೇಶವಿಲ್ಲ. ನೂರರ ಆಸುಪಾಸಿನ ವೇಗದಲ್ಲಿ ಬರುವ ಕಾರಿಗೆ ನಲವತ್ತರ ಸ್ಕೂಟರು ನಿಂತ ಕಂಬದಂತೆಯೇ. ಚಿತ್ರ ತೆಗೆದುಕೊಳ್ಳಲು ಅಲ್ಲಿಗೆ ನುಗ್ಗುವ ಗೆಳೆಯರು ಇದನ್ನು ನೆನೆಯಬೇಕು.

ತಲೆ ಒಂದೇ

1935ರಲ್ಲಿ 'ಅರೇಬಿಯದ ಲಾರೆನ್ಸ್' ಎಂದು ಹೆಸರಾದ ಟಿ. ಇ. ಲಾರೆನ್ಸನು ಇಂಗ್ಲೆಂಡಿನಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಕೆಲವು ದಿನಗಳಲ್ಲಿ ಸತ್ತನು. ಅವನನ್ನು ನೋಡಲು ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯರೂ ಇದ್ದರು. ಅವರು ಸುಮ್ಮನಾಗದೆ ಮೋಟಾರು ಸೈಕಲ್ ಸವಾರರ ತಲೆಯ ಗಾಯಗಳನ್ನು ಅಭ್ಯಾಸ ಮಾಡಿ, ಹೆಲ್ಮೆಟ್ಟಿನ ಪ್ರಯೋಜನವನ್ನು 1941ರಲ್ಲಿ ಪ್ರಕಟಿಸಿದರು. ಇಂದು ಲೋಕವೆಲ್ಲ ಹೆಲ್ಮೆಟ್ಟು ಧರಿಸುವುದರ ಹಿಂದೆ ಈ ಅಭ್ಯಾಸವಿದೆ. ಕಾರಿನಲ್ಲಿ ನಾವು ಕಟ್ಟಿಕೊಳ್ಳುವ ಮೂರು ಹಿಡಿತದ ಬೆಲ್ಟನ್ನು ಸ್ವೀಡನ್ನಿನ ವೋಲ್ವೊ ಸಂಸ್ಥೆಯ ಇಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ್ದು, 1959ರಲ್ಲಿ ಕಾರುಗಳಿಗೆ ಬಂದಿತು.

ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ರಸ್ತೆಯ ಅಪಘಾತಗಳಿಂದ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಇವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದವರು. ಆದುದರಿಂದ ಓಡಿಸುವವನೂ ಹಿಂದೆ ಕುಳಿತವನೂ ಐ.ಎಸ್.ಐ. ಗುರುತಿನ ಹೆಲ್ಮೆಟ್ಟನ್ನು ಗಲ್ಲದ ಪಟ್ಟಿ ಬಿಗಿದು ಧರಿಸಬೇಕು. ಪಟ್ಟಿ ಬಿಗಿಯದ ಹೆಲ್ಮೆಟ್ಟು ನಾವು ನೆಲಕ್ಕೆ ತಾಗುವ ಮೊದಲೇ ತಲೆಯನ್ನು ಬಿಟ್ಟು ಹೋಗಿರುತ್ತದೆ. ಹಿಂದೆ ಕೂರಬಹುದಾದವರು ಒಬ್ಬರೇ, ಮೂವರು ಸಲ್ಲದು. ಕುಡಿದು ಓಡಿಸುವ ವಿಷಯ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಬೇಕಿಲ್ಲವೆಂದು ಯಾರಾದರೂ ಅಂದಾರು. ನೂರು ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರ ಕಂಡರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಎಂಬುದನ್ನು ಹೇಳಿ ಮುಂದೆ ಹೋಗುತ್ತೇನೆ. ನಿದ್ದೆಗೆಟ್ಟು ಓಡಿಸುವುದೂ ಇದಕ್ಕೆ ಬಹಳ ದೂರವಲ್ಲ. ರಾತ್ರಿಯ ರೈಲಿನಲ್ಲಿ ದಣಿದು ಇಳಿದು, ಸ್ಟೇಷನ್ನಿನಿಂದ ಗಾಡಿ ಹತ್ತುವ ನಮ್ಮ ಅಣ್ಣಂದಿರು ಮುಖಕ್ಕೆ ನೀರು ಹಾಕಿಕೊಂಡು, ಐದು ನಿಮಿಷ ಕುಳಿತು ಹೊರಟರೆ ಮನೆಯವರ ಕಾಯುವಿಕೆ ಐದು ನಿಮಿಷ ಹೆಚ್ಚುತ್ತದೆ, ಅಷ್ಟೆ.

ಅಪಘಾತವಾದಾಗ

ಎಷ್ಟು ಎಚ್ಚರವಿದ್ದರೂ ಅಪಘಾತ ಕಣ್ಣೆದುರಿಗೆ ನಡೆಯಬಹುದು. ವಾಹನದ ಚಾಲಕನಾದವನು ಓಡಿಹೋಗಬಾರದು. ಗಾಯಗೊಂಡವರಿಗೆ ಚಿಕಿತ್ಸೆ ದೊರಕಿಸಿ ಪೋಲೀಸರಿಗೆ ತಿಳಿಸುವುದು ಅವನ ಶಾಸನಬದ್ಧ ಕರ್ತವ್ಯ. ದಾರಿಯಲ್ಲಿ ಹೋಗುತ್ತಿರುವವರು "ನಮಗೇಕೆ ಕೋರ್ಟು ಕಚೇರಿ" ಎಂದು ಮುಖ ತಿರುಗಿಸುವ ಕಾಲವೊಂದಿತ್ತು. ಈಗ ಆ ಭಯಕ್ಕೆ ಕಾರಣವಿಲ್ಲ. 2019ರ ತಿದ್ದುಪಡಿಯಲ್ಲಿ ನೆರವಿಗೆ ಬಂದ ಸಜ್ಜನರಿಗೆ ರಕ್ಷಣೆ ಒದಗಿಸಿದ್ದಾರೆ. ಹೆಸರು ಹೇಳಲೇಬೇಕೆಂದು ಅವರನ್ನು ಯಾರೂ ಬಲಾತ್ಕರಿಸುವಂತಿಲ್ಲ. 108 ಅಥವಾ 112ಕ್ಕೆ ಕರೆ ಮಾಡಿರಿ. ರಕ್ತ ಸುರಿಯುವಲ್ಲಿ ಒಗೆದ ಬಟ್ಟೆಯಿಂದ ಅದುಮಿ ಹಿಡಿಯಿರಿ. ಕತ್ತು, ಬೆನ್ನಿಗೆ ಪೆಟ್ಟಾಗಿರಬಹುದಾದವರನ್ನು ಎಳೆದಾಡಬೇಡಿ, ಬಲವಂತವಾಗಿ ಹೆಲ್ಮೆಟ್ಟು ಕೀಳಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಮೊದಲ ಒಂದು ಗಂಟೆಯೊಳಗೆ ಸರಿಯಾದ ಚಿಕಿತ್ಸೆ ದೊರೆತರೆ ಬದುಕುವ ಸಂಭವ ಬಹಳ ಹೆಚ್ಚು. ನಾವು ಬಿದ್ದ ದಿನ ಹಾಲು ಹಾಕಲು ಹೊರಟಿದ್ದ ಒಬ್ಬರು ತಮ್ಮ ಕೆಲಸ ಬಿಟ್ಟು ನಮ್ಮನ್ನು ಆಸ್ಪತ್ರೆಗೆ ಸೇರಿಸಿದರು. ಅವರ ಹೆಸರನ್ನು ಕೇಳಲೂ ನನಗೆ ಅಂದು ತೋಚಲಿಲ್ಲ.

ಕೊನೆಯ ಮಾತು

ಇಷ್ಟನ್ನೂ ಬರೆದು ತಾತನಿಗೆ ಓದಿ ಹೇಳಿದೆ. ಅವರು ತಮ್ಮ ಕೆಲಸದ ಒಂದು ಸಂಗತಿಯನ್ನು ಹೇಳಿದರು. ವೈಂಡಿಂಗ್ ಡ್ರೈವರಿಗೆ ಪಂಜರ ಕಣ್ಣಿಗೆ ಕಾಣುವುದಿಲ್ಲ. ಎದುರಿಗಿರುವ ಆಳಸೂಚಕದ ಮುಳ್ಳು, ಕಿವಿಗೆ ಬೀಳುವ ಗಂಟೆಯ ಸಂಕೇತ ಇವೆರಡೇ ಅವನಿಗೆ ಆಧಾರ. ಪಂಜರ ಓಡುತ್ತಿರುವಾಗ ಅವನೊಡನೆ ಯಾರೂ ಮಾತಾಡುತ್ತಿರಲಿಲ್ಲ. ಮೇಲಧಿಕಾರಿಯೂ ಆಗಲಿ, ಕೆಲಸ ನಿಂತ ಮೇಲೆಯೇ ಮಾತು. "ಅಷ್ಟು ವರ್ಷ ಆಳು ಇಳಿಸಿದೆನಲ್ಲ, ಒಂದು ದಿನಾನೂ ಇದು ನನಗೆ ಚೆನ್ನಾಗಿ ಬರುತ್ತೆ ಅಂತ ಅಂದುಕೊಳ್ಳಲಿಲ್ಲ. ಅಂದುಕೊಂಡಿದ್ದರೆ ಆವತ್ತೇ ಕೆಡುತ್ತಿತ್ತು" ಎಂದರು.

ಈಗ ನನ್ನಲ್ಲಿ ಲೈಸೆನ್ಸು ಇದೆ. ತಮ್ಮನ ಕಾಲು ಕೂಡಿಕೊಂಡಿದೆ. ಮೆಟ್ಟಿಲು ಹತ್ತುವಾಗ ಮಾತ್ರ ಸ್ವಲ್ಪ ತಡೆದು ಹತ್ತುತ್ತಾನೆ. ನಾನು ನೋಡುತ್ತಿರುವೆನೆಂದು ತಿಳಿದರೆ ಬೇಗ ಹತ್ತಲು ಪ್ರಯತ್ನಿಸುತ್ತಾನೆ. ಮುಂದಿನ ವರ್ಷ ಅವನಿಗೆ ಹದಿನೆಂಟು ತುಂಬುತ್ತದೆ. ಎಲ್.ಎಲ್. ಅರ್ಜಿ ಹಾಕುವ ದಿನ ನಾನೂ ಜೊತೆಗೆ ಹೋಗುತ್ತೇನೆ, ಆ ಮೂವತ್ತು ದಿನಗಳೂ ಅವನ ಹಿಂದೆ ಕುಳಿತು ಕಲಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನನಗೆ ಸರಿಯಾಗಿ ಹೊಂದುತ್ತದೆ. ಸಹಪಾಠಿ ಮಿತ್ರರಿಗೆ ಅದು ಹೊಂದದಿರಲಿ. ಸ್ಟ್ಯಾಂಡಿನಿಂದ ಗಾಡಿ ತೆಗೆಯುವ ಮುನ್ನ ಹಿಂದೆ ಕುಳಿತವರ ಕಡೆಗೊಮ್ಮೆ ತಿರುಗಿ ನೋಡಿ ಹೊರಡಿರೆಂಬುದೊಂದೇ ನನ್ನ ಬಿನ್ನಹ.